ನಾನು ಹೆಚ್ಚಿಗೆ ಎಳೆದ ಆರು ಚೌಕ

ಲೆಕ್ಕದಲ್ಲಿ ತಪ್ಪು ಕಂಡರೆ ನನಗೆ ಸುಮ್ಮನೆ ಕೂರಲು ಆಗುವುದಿಲ್ಲ. ಮದುವೆ ಊಟಕ್ಕೆ ಕೂತರೂ ಪಂಕ್ತಿಯಲ್ಲಿ ಎಷ್ಟು ಎಲೆ ಹಾಕಿದ್ದಾರೆ ಎಂದು ಎಣಿಸುವ ಜಾತಿ ನನ್ನದು. ನಾಲ್ಕನೇ ತರಗತಿಗೆ ಗಣಿತ ಹೇಳುವವಳಿಗೆ ಇದು ಒಳ್ಳೆಯ ಗುಣವೇ ಎಂದು ಅಂದುಕೊಂಡಿದ್ದೆ. ಆ ವರ್ಷದ ತಪಸ್ಸುಕಾಲ ಬರುವವರೆಗೂ ಹಾಗೇ ಅಂದುಕೊಂಡಿದ್ದೆ.

ತಪಸ್ಸುಕಾಲ ಎಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಹಿಡಿಯುವ ನಲವತ್ತು ದಿನಗಳ ವ್ರತ. ನಾನು ಕ್ರೈಸ್ತಳಲ್ಲ. ತಿಪಟೂರಿನ ಲಿಂಗಾಯತರ ಮನೆಯವಳು. ದಿನಾ ವಿಭೂತಿ ಹಚ್ಚಿಕೊಂಡು, ದಬ್ಬೇಘಟ್ಟದ ಕಡೆಯ ಬಸ್ಸು ಹತ್ತಿ, ತೋಟಗಳ ನಡುವೆ ಇರುವ ಸಿಸ್ಟರ್‌ಗಳ ಸಣ್ಣ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಇಡೀ ಶಾಲೆಯಲ್ಲಿ ಕ್ರೈಸ್ತರ ಮಕ್ಕಳನ್ನು ಎರಡು ಕೈ ಬೆರಳಲ್ಲಿ ಎಣಿಸಬಹುದಿತ್ತು. ಮಿಕ್ಕವರೆಲ್ಲ ತೆಂಗು ಬೆಳೆಯುವವರ, ಕೊಬ್ಬರಿ ಸುಲಿಯುವವರ, ಅಂಗಡಿಯವರ ಮಕ್ಕಳು. ವ್ರತ ಶುರುವಾಗುವ ಬುಧವಾರ ಫಾದರ್ ಬಂದು ಎಲ್ಲರ ಹಣೆಗೂ ಬೂದಿಯಲ್ಲಿ ಶಿಲುಬೆಯ ಗುರುತು ಹಾಕುತ್ತಿದ್ದರು. ಅರ್ಧಕ್ಕರ್ಧ ಮಕ್ಕಳು ಮನೆಯಿಂದಲೇ ಮೂರು ಪಟ್ಟೆ ಬಳಿದುಕೊಂಡು ಬಂದಿರುತ್ತಿದ್ದರು. "ಎಲ್ಲಿ ಹಚ್ಚಲಿ ಮಿಸ್, ಜಾಗವೇ ಇಲ್ಲವಲ್ಲ" ಎಂದು ಫಾದರ್ ನನ್ನನ್ನು ನೋಡಿ ನಗುತ್ತಿದ್ದರು. ಬೂದಿಯ ವಿಷಯದಲ್ಲಿ ನಮಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಅದೇ ದಿನ ತರಗತಿಯಲ್ಲಿ ಇನ್ನೊಂದು ಕೆಲಸವಿತ್ತು. ಈ ನಲವತ್ತು ದಿನ ತಾನು ಏನನ್ನು ಬಿಡುತ್ತೇನೆ ಎಂದು ಪ್ರತಿ ಮಗುವೂ ಒಂದು ಚೀಟಿಯಲ್ಲಿ ಬರೆಯಬೇಕು. ಹೆಸರು ಹಾಕುವಂತಿಲ್ಲ. ಚೀಟಿಯನ್ನು ನಾಲ್ಕು ಮಡಿಕೆ ಮಡಚಿ, ನೇರಳೆ ಕಾಗದ ಸುತ್ತಿದ ಒಂದು ಶೂ ಡಬ್ಬಿಗೆ ಹಾಕಬೇಕು. ಅದನ್ನು ಯಾರೂ ತೆರೆದು ನೋಡುವುದಿಲ್ಲ. ಈಸ್ಟರ್ ಹಿಂದಿನ ಶನಿವಾರ ಚರ್ಚಿನ ಮುಂದೆ ಹೊತ್ತಿಸುವ ಬೆಂಕಿಗೆ ಡಬ್ಬಿ ಸಮೇತ ಹಾಕಿಬಿಡುತ್ತಾರೆ. ಗೋಡೆಯ ಮೇಲೆ ಚೌಕ ಎಳೆದ ಒಂದು ಚಾರ್ಟು. ದಿನಕ್ಕೊಂದು ಚೌಕಕ್ಕೆ ಮಕ್ಕಳು ನೇರಳೆ ಬಣ್ಣ ತುಂಬುತ್ತಾ ಹೋಗಬೇಕು. ಶುಕ್ರವಾರ ಎಲ್ಲರೂ ಒಂದೊಂದು ಹಿಡಿ ಅಕ್ಕಿ ತಂದು, ಶಾಲೆಯಲ್ಲೇ ಗಂಜಿ ಕಾಯಿಸಿ, ಒಟ್ಟಿಗೆ ಕೂತು ಕುಡಿದು, ಮಿಕ್ಕ ಅಕ್ಕಿಯನ್ನು ಕಷ್ಟದಲ್ಲಿರುವ ಒಂದು ಮನೆಗೆ ಕೊಡಬೇಕು.

ಇದನ್ನೆಲ್ಲ ಮಕ್ಕಳಿಗೆ ಪ್ರತಿವರ್ಷ ವಿವರಿಸುತ್ತಿದ್ದವರು ನಮ್ಮ ಹೆಡ್ ಸಿಸ್ಟರ್. ಆ ವರ್ಷ ಅವರು ಹಿಂದಿನ ವಾರ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಅಲ್ಲಿಂದಲೇ ಫೋನು ಮಾಡಿದರು. "ಮಿಸ್, ನನ್ನ ಟೇಬಲ್ಲಿನ ಡ್ರಾಯರಿನಲ್ಲಿ ಒಂದು ಹಾಳೆ ಇದೆ. ಅದನ್ನು ಓದಿಬಿಡಿ, ಸಾಕು. ನಿಮ್ಮ ಕಡೆಯಿಂದ ಏನನ್ನೂ ಸೇರಿಸಬೇಡಿ."

ನನ್ನ ನಾಲಿಗೆ ಅವರಿಗೆ ಗೊತ್ತಿತ್ತು.

ಓದಿದೆ. ಪಶ್ಚಾತ್ತಾಪ, ಆತ್ಮಸಂಯಮ, ಪರಿತ್ಯಾಗ. ಮೂವತ್ತನಾಲ್ಕು ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತಾ ಕೂತಿದ್ದವು. ಮುಂದಿನ ಬೆಂಚಿನವನೊಬ್ಬ ಕೈ ಎತ್ತಿ, "ಮಿಸ್, ಇದು ಪರೀಕ್ಷೆಗೆ ಬತ್ತದಾ?" ಎಂದ. ನನಗೆ ತಡೆಯಲಾಗಲಿಲ್ಲ. ಹಾಳೆಯನ್ನು ಮೇಜಿನ ಮೇಲಿಟ್ಟು ನನ್ನ ಅಜ್ಜಿಯ ಕಥೆ ತೆಗೆದೆ.

"ನೋಡ್ರೋ, ನಮ್ಮ ಮಾವಂಗೆ ಕಾಮಾಲೆ ಆಗಿತ್ತು. ಆಗ ನಮ್ಮಜ್ಜಿ ಏನ್ ಮಾಡಿದ್ರು ಗೊತ್ತಾ? ಮಗ ಹುಷಾರಾಗೋವರ್ಗೂ ಕಾಫಿ ಕುಡಿಯಲ್ಲ ಅಂತ ಹರಕೆ ಹೊತ್ಕೊಂಡ್ರು. ಕಾಫಿ ಅಂದ್ರೆ ಪ್ರಾಣ ಅವರಿಗೆ. ಯಾರಿಗೂ ಹೇಳ್ಲಿಲ್ಲ. ಹೇಳಿದ್ರೆ ಹರಕೆ ಫಲ ಹೋಗುತ್ತೆ. ಮಾವ ಹುಷಾರಾದ್ರು. ಇದೂ ಹಂಗೇ ಅಂತ ತಿಳ್ಕೊಳಿ. ಹಾಗಲಕಾಯಿ ಬಿಡ್ತೀನಿ ಅಂತ ಬರೆದು ದೇವರಿಗೇ ಟೋಪಿ ಹಾಕಬೇಡಿ. ನಿಮಗೆ ಯಾವುದು ಎಲ್ಲಕ್ಕಿಂತ ಇಷ್ಟವೋ ಅದನ್ನ ಬಿಡ್ಬೇಕು."

ಇನ್ನೊಬ್ಬಳು, "ಮಧ್ಯದಲ್ಲಿ ತಿಂದ್ಬುಟ್ರೆ?" ಎಂದಳು.

"ಅರ್ಧಕ್ಕೆ ಬಿಟ್ಟ ಹರಕೆ ತಿರುಗಿ ಹೊಡಿಯುತ್ತೆ" ಎಂದೆ. ಮಕ್ಕಳು ಬಾಯಿಬಿಟ್ಟುಕೊಂಡು ಕೇಳಿದವು. ಪಾಠ ಚೆನ್ನಾಗಾಯಿತು ಎಂದು ನನಗೆ ಖುಷಿಯೋ ಖುಷಿ.

ಚಾರ್ಟಿನ ಕೆಲಸ ಬೇರೆ ಇತ್ತು. ಹಿಂದಿನ ವರ್ಷ ಸಿಸ್ಟರ್ ಮಾಡಿದ್ದ ಹಳೆಯ ಚಾರ್ಟನ್ನು ಮುಂದಿಟ್ಟುಕೊಂಡು ಗೋಡೆಯ ಕ್ಯಾಲೆಂಡರಿನಲ್ಲಿ ದಿನ ಎಣಿಸಿದೆ. ಬೂದಿ ಹಚ್ಚುವ ಬುಧವಾರದಿಂದ ಈಸ್ಟರ್ ಹಿಂದಿನ ಶನಿವಾರದವರೆಗೆ ನಲವತ್ತಾರು ದಿನ. ಚಾರ್ಟಿನಲ್ಲಿ ಚೌಕ ನಲವತ್ತೇ. ಇನ್ನೊಂದು ಸಲ ಎಣಿಸಿದೆ, ನಲವತ್ತಾರೇ. ಸಿಸ್ಟರಿಗೆ ಪ್ರಾರ್ಥನೆ ಚೆನ್ನಾಗಿ ಬರುತ್ತದೆ, ಎಣಿಕೆ ಬರುವುದಿಲ್ಲ ಎಂದು ಮನಸ್ಸಿನಲ್ಲೇ ನಕ್ಕು, ಸ್ಕೇಲು ಹಿಡಿದು ಇನ್ನೂ ಆರು ಚೌಕ ಎಳೆದೆ. ಯಾರನ್ನಾದರೂ ಒಂದು ಮಾತು ಕೇಳೋಣ ಎಂದು ತೋಚಲೇ ಇಲ್ಲ. ಭಾನುವಾರದ ಚೌಕಕ್ಕೆ ಸೋಮವಾರ ಬೆಳಿಗ್ಗೆ ಬಂದು ಬಣ್ಣ ಹಾಕಿ ಎಂದು ಮಕ್ಕಳಿಗೆ ಹೇಳಿದೆ.

ಇನ್ನು ಆ ಹುಡುಗಿಯ ವಿಷಯ. ಮೂರನೇ ಬೆಂಚು, ಕಿಟಕಿಯ ಪಕ್ಕ ಕೂರುತ್ತಿದ್ದಳು. ಗಣಿತದಲ್ಲಿ ತರಗತಿಗೇ ಮುಂದು. ಅವಳ ಅಪ್ಪ ಮರ ಹತ್ತಿ ಕಾಯಿ ಕೀಳುವ ಕೆಲಸದವನು. ಅವನು ಕೆಡವಿದ ಕಾಯಿಗಳನ್ನು ಜೊತೆ ಜೊತೆಯಾಗಿ ಎಣಿಸಿ ಎಣಿಸಿಯೇ ಅವಳು ಎರಡರ ಮಗ್ಗಿ ಕಲಿತಿದ್ದಳು. ದೀಪಾವಳಿ ಕಳೆದ ಮೇಲೆ ಅವನು ಮರದಿಂದ ಬಿದ್ದ. ಬೆನ್ನುಮೂಳೆಗೆ ಪೆಟ್ಟಾಯಿತು. ತುಮಕೂರು, ಬೆಂಗಳೂರು ಎಲ್ಲ ಸುತ್ತಿಸಿ ಮನೆಗೆ ಕಳಿಸಿದ್ದರು. ಸೊಂಟದ ಕೆಳಗೆ ಏನೂ ಆಡುತ್ತಿರಲಿಲ್ಲ. ಮಗಳು ಸಂಜೆ ಶಾಲೆಯಿಂದ ಹೋದವಳೇ ಅಪ್ಪನ ಮಂಚ ಹತ್ತಿ ಕೂತು, ಅಂದು ನಡೆದದ್ದನ್ನೆಲ್ಲ ವರದಿ ಒಪ್ಪಿಸಿ, ಅವನ ಹೊಟ್ಟೆಯ ಮೇಲೇ ಪುಸ್ತಕ ಇಟ್ಟುಕೊಂಡು ಹೋಂವರ್ಕ್ ಮಾಡುತ್ತಿದ್ದಳಂತೆ. ಅವಳ ನೋಟ್ ಪುಸ್ತಕದಲ್ಲಿ ಅಕ್ಷರಗಳು ಏಕೆ ಕುಣಿಯುತ್ತವೆ ಎಂದು ಒಮ್ಮೆ ಗದರಿದ್ದಕ್ಕೆ, "ಅಪ್ಪ ಉಸ್ರಾಡ್ತದಲ್ಲ ಮಿಸ್, ಅದಕ್ಕೆ" ಎಂದಿದ್ದಳು.

ತಪಸ್ಸುಕಾಲ ಶುರುವಾದ ಮೇಲೆ ಆ ಅಕ್ಷರಗಳು ನೆಟ್ಟಗಾದವು. ನಾನು ಅದರ ಪಕ್ಕ 'ಉತ್ತಮ' ಎಂದು ಬರೆದೆ. ನಾಲ್ಕು ವಾರ ಹಾಗೇ ಬರೆಯುತ್ತಾ ಹೋದೆ.

ಐದನೇ ಭಾನುವಾರ ಕಳೆದ ಮಂಗಳವಾರ, ಊಟದ ಬಿಡುವಿನಲ್ಲಿ, ಅವಳ ತಾಯಿ ಗೇಟಿನ ಹತ್ತಿರದ ಹೊಂಗೆ ಮರದ ಕೆಳಗೆ ನಿಂತು ನನ್ನನ್ನು ಕರೆಸಿದಳು. ಕೊಬ್ಬರಿ ಕಣದಲ್ಲಿ ಕಾಯಿ ಸುಲಿಯುವ ಕೆಲಸದಿಂದ ನೇರವಾಗಿ ಬಂದಿದ್ದಳು. ಸೆರಗಿನ ತುಂಬಾ ನಾರು.

"ಮಿಸ್, ನಮ್ಮುಡುಗಿಗೆ ನೀವಾದ್ರೂ ಒಸಿ ಬುದ್ಧಿ ಹೇಳಿ. ಅವರಪ್ಪನ ಹತ್ರಕ್ಕೇ ಬರಾಕಿಲ್ಲ ಅಂತಾಳೆ. ಹಿಂದ್ಲು ಬಾಗ್ಲಿಂದ ಬತ್ತಾಳೆ, ಉಂಡು ಪಕ್ಕದಾಗೆ ಅವರಜ್ಜಿ ಮನೆಗೆ ಹೋಯ್ತಾಳೆ, ಅಲ್ಲೇ ಮನಿಕತಾಳೆ. ಅವ್ರು ಕೂಗಿದ್ರೆ ಓ ಅನ್ನಾಕಿಲ್ಲ. ತಿಂಗ್ಳ ಮ್ಯಾಲಾಯ್ತು."

"ಯಾಕಂತೆ?"

"ಹೇಳಾಕಿಲ್ಲ ಕಣ್ ಮಿಸ್. ಹೊಡ್ದೂ ನೋಡ್ದೆ. ಅವ್ರು ನೋಡಿದ್ರೆ, ನನ್ ಮೈ ನಾರ್ತದೇನೋ, ಅದಕ್ಕೇ ಮಗ ಬರಲ್ಲ ಅಂತಾರೆ. ದಿನಾ ಎರಡು ಸತಿ ಮೈ ಒರೆಸು ಅಂತಾರೆ. ಪೌಡ್ರು ಡಬ್ಬ ತಂದ್ಕೊಡು ಅಂದ್ರು, ತಂದ್ಕೊಟ್ಟೆ. ಮಕ, ಕತ್ತು, ಎದೆ, ಎಲ್ಲಾ ಬಳ್ಕೊಂಡು ಸಂಜೆ ನಾಕು ಗಂಟೆಯಿಂದ ಬಾಗ್ಲನ್ನೇ ನೋಡ್ತಾ ಮನಗಿರ್ತಾರೆ." ಅಷ್ಟು ಹೇಳಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ನನಗೆ ಹುಡುಗಿಯ ಮೇಲೆ ಕೆಂಡದಂಥ ಸಿಟ್ಟು ಬಂತು. ಸಂಜೆಯ ಬೆಲ್ಲು ಹೊಡೆದ ಮೇಲೆ ಅವಳೊಬ್ಬಳನ್ನೇ ತರಗತಿಯಲ್ಲಿ ನಿಲ್ಲಿಸಿಕೊಂಡು ಬೈದೆ. ಈಗ ಬರೆಯಲು ನಾಚಿಕೆಯಾಗುವಂಥ ಮಾತನ್ನೂ ಆಡಿದೆ. "ನಡೆಯೋವಾಗ ಬೇಕಾಗಿದ್ದ ಅಪ್ಪ, ಮಲಗಿದ ಮೇಲೆ ಬೇಡವಾದನಾ ನಿನಗೆ?" ಎಂದೆ. ಅವಳ ಕಣ್ಣಿಂದ ನೀರು ಸುರಿಯುತ್ತಿತ್ತು. ಆ ಕಣ್ಣು ನನ್ನನ್ನು ನೋಡುತ್ತಿರಲಿಲ್ಲ, ನನ್ನ ಹಿಂದೆ, ಬೀರುವಿನ ಮೇಲಿದ್ದ ನೇರಳೆ ಡಬ್ಬಿಯನ್ನು ನೋಡುತ್ತಿತ್ತು.

ಅದು ನನಗೆ ಹೊಳೆದದ್ದು ಬಸ್ಸಿನಲ್ಲಿ. ತಿಪಟೂರು ಇನ್ನೂ ಎರಡು ಸ್ಟಾಪು ಇತ್ತು. ಅಯ್ಯೋ ಶಿವನೇ, ಈ ಮಗು ಏನು ಬರೆದಿದೆಯೋ ಎಂದುಕೊಂಡೆ. ಮನೆಗೆ ಹೋದ ಮೇಲೂ ಅದೇ ಯೋಚನೆ, ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಡಬ್ಬಿ ತೆರೆಯುವ ಹಾಗಿರಲಿಲ್ಲ. ಮಗು ದೇವರಿಗೆ ಬರೆದದ್ದನ್ನು ಮೇಷ್ಟ್ರು ಓದಬಾರದು ಎನ್ನುವುದು ಆ ಶಾಲೆಯಲ್ಲಿ ಎಲ್ಲಕ್ಕಿಂತ ದೊಡ್ಡ ಮರ್ಯಾದೆ. ನಮ್ಮ ಧರ್ಮವಲ್ಲದಿದ್ದರೂ ಅದು ನನಗೆ ಹಿಡಿಸಿತ್ತು. ಆದರೂ ಮಾರನೆಯ ದಿನ ಮೊದಲ ಬಸ್ಸಿಗೇ ಹೋಗಿ, ಮಕ್ಕಳು ಬರುವ ಮುಂಚೆ, ತರಗತಿಯ ಬಾಗಿಲು ಹಾಕಿಕೊಂಡು ಡಬ್ಬಿ ಇಳಿಸಿದೆ. ಹೆಸರಿಲ್ಲದಿದ್ದರೇನು, ವರ್ಷವೆಲ್ಲ ತಿದ್ದಿದ ಅಕ್ಷರಗಳು. ಅವಳದಲ್ಲ ಎಂದು ಗೊತ್ತಾದ ತಕ್ಷಣ ಹಾಗೇ ಮಡಚಿ ಪಕ್ಕಕ್ಕಿಡುತ್ತಾ ಹೋದೆ. ಆದರೂ ಕಣ್ಣಿಗೆ ಬಿದ್ದವು ಬಿದ್ದವು. ಟೀವಿ. ಕುರ್‍ಕುರೆ. ತಮ್ಮನ್ನ ಚಿವುಟೋದು. ಅಷ್ಟು ಹೇಳಿದ್ದರೂ ಒಬ್ಬ ಹಾಗಲಕಾಯಿಯನ್ನೇ ಬರೆದಿದ್ದ.

ಅವಳ ಚೀಟಿ ತಳದಲ್ಲಿತ್ತು. "ಅಪ್ಪನ ಹತ್ರ ಹೋಗೋದು" ಎಂದು ಬರೆದು, ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಳು. "ಅಪ್ಪ ನಡೀಲಿ."

ನನ್ನ ಪಾಠವನ್ನು ಚಾಚೂ ತಪ್ಪದೆ ಕಲಿತಿದ್ದಳು. ಎಲ್ಲಕ್ಕಿಂತ ಇಷ್ಟವಾದದ್ದನ್ನು ಬಿಟ್ಟಿದ್ದಳು, ಯಾರಿಗೂ ಹೇಳಿರಲಿಲ್ಲ, ಹೊಡೆಸಿಕೊಂಡರೂ ಹೇಳಿರಲಿಲ್ಲ, ನಾನು ಅಷ್ಟು ಕೆಟ್ಟದಾಗಿ ಬೈದರೂ ಹೇಳಿರಲಿಲ್ಲ. ಬೇರೆ ಯಾವ ಮಗುವೂ ನನ್ನ ಮಾತನ್ನು ಅಷ್ಟು ನಂಬಿರಲಿಲ್ಲ.

ಮಧ್ಯಾಹ್ನ ಅವಳನ್ನು ಗಂಜಿ ಕಾಯಿಸುವ ಕೊಟ್ಟಿಗೆಯ ಹಿಂದೆ ಕರೆದುಕೊಂಡು ಹೋಗಿ ಪಕ್ಕದಲ್ಲಿ ಕೂರಿಸಿಕೊಂಡೆ. ಚೀಟಿ ಓದಿದೆ ಎಂದು ಒಪ್ಪಿಕೊಂಡೆ. ಅವಳ ಮುಖ ಬಿಳಿಚಿಕೊಂಡಿತು.

"ನೀವು ಓದಿದ್ರೆ ಫಲ ಹೋಯ್ತದಾ ಮಿಸ್?"

"ಇಲ್ಲ ಮಗ, ಹೋಗಲ್ಲ. ಕೇಳು ಇಲ್ಲಿ. ದೇವರು ಇಷ್ಟು ಕಷ್ಟದ್ದು ಕೇಳಲ್ಲ. ಸಾಕು, ಬಿಟ್ಬಿಡು. ಬದ್ಲಿಗೆ ಬೇರೆ ಏನಾದ್ರೂ ಬಿಡು. ಬೆಲ್ಲ ಬಿಡು."

"ಬೆಲ್ಲ ಅಷ್ಟೊಂದಿಷ್ಟ ಇಲ್ಲ ಮಿಸ್."

"ನಾನೇ ಹೇಳ್ತಿದೀನಲ್ಲೇ, ಇವತ್ತು ಸಂಜೆ ಹೋಗು ಅಪ್ಪನ ಹತ್ರ."

ಅವಳು ನೆಲ ನೋಡುತ್ತಾ, "ಅರ್ಧಕ್ಕೆ ಬಿಟ್ರೆ ತಿರುಗಿ ಹೊಡೀತದೆ ಅಂದಿದ್ರಲ್ಲ. ಇನ್ನ ಹತ್ತೇ ಚೌಕ ಐತೆ ಮಿಸ್" ಎಂದಳು. ಆಮೇಲೆ ನನ್ನ ಕೈ ಹಿಡಿದುಕೊಂಡು, "ಅಪ್ಪಂಗೆ ಮಾತ್ರ ಹೇಳ್ಬ್ಯಾಡಿ. ದಮ್ಮಯ್ಯ ಅಂತೀನಿ" ಎಂದಳು. ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಗುರುವಾರ ಸಂಜೆ, ಹಿಂದಿನ ವಾರದ ಗಂಜಿಯಲ್ಲಿ ಮಿಕ್ಕ ಅಕ್ಕಿಯ ಚೀಲವನ್ನು ನೆಪ ಮಾಡಿಕೊಂಡು ಅವರ ಮನೆಗೆ ಹೋದೆ. ಒಂದೇ ಕೋಣೆಯ ಮನೆ, ಹಿಂದೆ ಅಡುಗೆಯ ಚಾವಡಿ. ಬಾಗಿಲಿಗೆ ಎದುರಾಗಿ ಕಬ್ಬಿಣದ ಮಂಚ. ಅವನು ಅಂಗಿ ಹಾಕಿಕೊಂಡು, ತಲೆ ಬಾಚಿಕೊಂಡು ಮಲಗಿದ್ದ. ಕತ್ತಿನ ಮಡಿಕೆಯಲ್ಲಿ ಪೌಡರು ಬೆಳ್ಳಗೆ ಕೂತಿತ್ತು. ಕಾಯಿ ಕೀಳುವವರ ಕೈ ತೋಳು ಹೇಗಿರುತ್ತವೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಿಲ್ಲ. ಆ ತೋಳುಗಳು ಇನ್ನೂ ಹಾಗೇ ಇದ್ದವು.

"ಬನ್ನಿ ಮಿಸ್, ಕೂತ್ಕಳಿ" ಎಂದು, ನಾನು ಕೂತ ಮೇಲೆ ಮೆಲ್ಲಗೆ ಕೇಳಿದ. "ಒಂದು ಮಾತು ಕೇಳ್ತೀನಿ, ಬೇಜಾರ್ ಮಾಡ್ಕಾಬೇಡಿ. ವಾಸ್ನೆ ಬತ್ತೈತಾ?"

"ಇಲ್ಲಪ್ಪ. ಪೌಡರಿನ ಘಮ ಬರ್ತಿದೆ ಅಷ್ಟೇ."

"ಶಾಲೇಲಿ ನಗ್ತಾಳಾ ನನ್ ಮಗ?"

"ನಗ್ತಾಳೆ."

"ಹಂಗಾದ್ರೆ ಸರಿ ಬುಡಿ. ನನ್ನ ಹಿಂಗೆ ನೋಡಾಕೆ ಭಯ ಆಯ್ತದೇನೋ. ಚಿಕ್ಕದಲ್ವಾ."

ಪಕ್ಕದ ಅಜ್ಜಿಯ ಮನೆಯ ಜಗುಲಿಯಿಂದ ಅವಳು ಪಾಠ ಓದುವುದು ಗೋಡೆ ದಾಟಿ ಕೇಳುತ್ತಿತ್ತು. ಅವನು ಮಾತು ನಿಲ್ಲಿಸಿ ಅದನ್ನೇ ಕೇಳಿಸಿಕೊಂಡ. ನಾಲಿಗೆ ತುದಿಗೆ ಬಂದಿತ್ತು ನನಗೆ, ನಿನ್ನ ಮಗಳಿಗೆ ಭಯವಲ್ಲಪ್ಪ, ನೀನು ನಡೆಯಲಿ ಎಂದು ಹೀಗೆ ಮಾಡುತ್ತಿದ್ದಾಳೆ ಎಂದು. ಹೇಳಿದರೆ ಒಂದು ನೋವು ಕಳೆಯುತ್ತಿತ್ತು. ಮಗುವಿಗೆ ಕೊಟ್ಟ ಮಾತು ಹೋಗುತ್ತಿತ್ತು. "ಪರೀಕ್ಷೆ ಹತ್ತಿರ ಬಂತಲ್ಲ, ಓದೋದು ಜಾಸ್ತಿ, ಅದಕ್ಕೇ" ಎಂದು ಸುಳ್ಳು ಹೇಳಿ ಎದ್ದೆ.

ತಾಯಿಗೆ ಮಾತ್ರ ಹಿತ್ತಲಲ್ಲಿ ನಿಜ ಹೇಳಿದೆ. ಅವಳು ಬಾಣಲೆ ಉಜ್ಜುತ್ತಿದ್ದವಳು ಹಾಗೇ ನಿಂತಳು. "ಅಯ್ಯೋ ನನ್ ಕಂದ" ಎಂದಳು. ಬಾಣಲೆ ಕೆಳಗಿಟ್ಟು, "ಅವ್ರಿಗೆ ಹೇಳ್ಬ್ಯಾಡಿ ಮಿಸ್. ಇನ್ನ ನಡಿಯಾಕಾಗಲ್ಲ ಅಂತ ಬೆಂಗ್ಳೂರು ಡಾಕ್ಟ್ರು ಅವ್ರ ಮುಂದೇನೇ ಹೇಳವ್ರೆ. ಮಗ ಅದಕ್ಕೋಸ್ಕರ ಹಿಂಗ್ ಮಾಡ್ತಾವಳೆ ಅಂತ ಗೊತ್ತಾದ್ರೆ ಎದೆ ಒಡ್ಕಂಡು ಸತ್ತೇ ಹೋಯ್ತಾರೆ" ಎಂದಳು. ಮಗಳಿಗೆ ಈ ವಿಷಯ ಗೊತ್ತೇ ಎಂದು ಕೇಳಿದೆ. ಅಷ್ಟು ಚಿಕ್ಕದಕ್ಕೆ ಯಾರು ಹೇಳುತ್ತಾರೆ ಎಂದಳು.

ಹೆಡ್ ಸಿಸ್ಟರ್ ಅಷ್ಟರಲ್ಲಿ ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ವಾಪಸು ಬಂದು ಎರಡು ವಾರವಾಗಿತ್ತು, ತರಗತಿಗಳ ಕಡೆ ಇನ್ನೂ ಬಂದಿರಲಿಲ್ಲ. ಅವರಿಗೆ ಮೊದಲೇ ಹೇಳಬೇಕಿತ್ತು. ಡಬ್ಬಿ ತೆರೆದದ್ದಕ್ಕೆ ಬೈಸಿಕೊಳ್ಳಬೇಕಲ್ಲ ಎಂಬ ಹೆದರಿಕೆಯಿಂದ ಎರಡು ದಿನ ತಡ ಮಾಡಿದೆ. ಶುಕ್ರವಾರ ಬೆಳಿಗ್ಗೆ ಅವರ ಕೋಣೆಗೆ ಹೋಗಿ ಅಜ್ಜಿಯ ಕಾಫಿಯಿಂದ ಹಿಡಿದು ಎಲ್ಲವನ್ನೂ ಒಪ್ಪಿಸಿದೆ. ಅವರು ಕರಾವಳಿ ಕಡೆಯವರು, ಪುಸ್ತಕದ ಹಾಗೆ ಮಾತಾಡುವವರು, ದನಿ ಎತ್ತಿದವರೇ ಅಲ್ಲ. ಅಂದು ಎತ್ತಿದರು.

"ಏನನ್ನೂ ಸೇರಿಸಬೇಡಿ ಎಂದು ಹೇಳಿದ್ದೆನಲ್ಲ ಮಿಸ್! ಇದು ಹರಕೆ ಅಲ್ಲ. ನಾನು ಇಷ್ಟು ಬಿಡುತ್ತೇನೆ, ನೀನು ಅಷ್ಟು ಕೊಡು ಎಂದು ದೇವರ ಹತ್ತಿರ ವ್ಯಾಪಾರ ಮಾಡುವುದಲ್ಲ."

"ತಪ್ಪಾಯ್ತು ಸಿಸ್ಟರ್. ಆದ್ರೆ ಈಗ ಅವಳಿಗೆ ಅದನ್ನ ಹೇಗೆ ಹೇಳೋದು?"

ಅವರು ಎದ್ದು ನನ್ನ ಜೊತೆ ತರಗತಿಗೆ ಬಂದರು. ಮಕ್ಕಳು ಪ್ರಾರ್ಥನೆಗೆ ಮೈದಾನದಲ್ಲಿದ್ದರು. ಸಿಸ್ಟರ್ ಗೋಡೆಯ ಚಾರ್ಟಿನ ಮುಂದೆ ನಿಂತು, ಪ್ಲಾಸ್ಟರಿಲ್ಲದ ಕೈಯ ಬೆರಳಿನಿಂದ ಸಾಲು ಸಾಲಾಗಿ ಎಣಿಸಿದರು. "ಇಷ್ಟೊಂದು ಚೌಕ ಯಾಕೆ?"

"ನಲವತ್ತಾರು ಸಿಸ್ಟರ್. ನೀವು ಹೋದ ವರ್ಷ ಆರು ಕಡಿಮೆ ಎಳೆದಿದ್ರಿ."

ಅವರು ನನ್ನನ್ನು ನೋಡಿದ ರೀತಿ ನಾನು ಮರೆಯುವುದಿಲ್ಲ. "ಕಡಿಮೆ ಅಲ್ಲ ಮಿಸ್. ಭಾನುವಾರಗಳನ್ನು ಎಣಿಸುವುದಿಲ್ಲ. ಭಾನುವಾರ ನಮಗೆ ಯಾವಾಗಲೂ ಹಬ್ಬ, ತಪಸ್ಸುಕಾಲದಲ್ಲೂ. ಅಂದು ವ್ರತ ಇಲ್ಲ. ಬಿಟ್ಟದ್ದನ್ನು ಅಂದು ಮಕ್ಕಳು ತಿನ್ನಬಹುದು, ಆಡಬಹುದು."

ನಾನು ಸ್ಕೇಲು ಹಿಡಿದು ಅಷ್ಟು ಹೆಮ್ಮೆಯಿಂದ ಎಳೆದಿದ್ದ ಆರು ಚೌಕಗಳು ಆ ಮಗು ಅಪ್ಪನ ಮಂಚ ಹತ್ತಬಹುದಾಗಿದ್ದ ಆರು ದಿನ. ಅವುಗಳಲ್ಲಿ ಐದಕ್ಕೆ ಆಗಲೇ ಬಣ್ಣ ಬಿದ್ದಿತ್ತು.

ಸಿಸ್ಟರ್ ಹುಡುಗಿಯನ್ನು ಕರೆಸಿ, ಮೊಣಕಾಲೂರಿ ಅವಳ ಎತ್ತರಕ್ಕೆ ಕೂತು, ದೇವರು ಹೀಗೆಲ್ಲ ಕೇಳುವವನಲ್ಲ, ಇವತ್ತೇ ಅಪ್ಪನ ಹತ್ತಿರ ಹೋಗಬಹುದು ಎಂದು ಎಷ್ಟು ಬಗೆಯಾಗಿ ಹೇಳಬಹುದೋ ಅಷ್ಟು ಬಗೆಯಾಗಿ ಹೇಳಿದರು. ಅವಳು ಹೂಂ ಎನ್ನುವ ಹಾಗೆ ತಲೆ ಆಡಿಸಿದಳು. ನಂಬಲಿಲ್ಲ. ಒಂದು ಸಲ ಮಾತ್ರ ನನ್ನ ಕಡೆ ತಿರುಗಿ ನೋಡಿದಳು. ಮೊದಲು ಹೇಳಿದವಳು ನಾನು ತಾನೇ. ಕೊನೆಗೆ ಸಿಸ್ಟರ್ ಭಾನುವಾರದ ಮಾತು ಹೇಳಿದರು. ಇದು ನಿಯಮ, ಎಲ್ಲ ಕಡೆಯೂ ಹೀಗೇ, ಫಾದರನ್ನು ಬೇಕಾದರೆ ಕೇಳು ಎಂದರು. ನಿಯಮ ಎಂದ ಕೂಡಲೇ ಅವಳ ಮುಖ ಅರಳಿತು.

"ನಾಡಿದ್ದು ಭಾನುವಾರ ಹೋಗ್ಬೋದಾ?"

"ಹೋಗಬಹುದು."

"ಫಲ ಹೋಗಲ್ವಾ?"

ಸಿಸ್ಟರ್ ನನ್ನನ್ನು ನೋಡಿದರು. ನಾನೇ ಉತ್ತರ ಕೊಟ್ಟೆ. ಹೋಗಲ್ಲ ಎಂದೆ. ಫಲ ಗಿಲ ಏನೂ ಇಲ್ಲ, ನಿಮ್ಮಪ್ಪ ಇನ್ನು ನಡೆಯುವುದಿಲ್ಲ ಎಂದು ಹೇಳಬೇಕಾದ ಗಳಿಗೆ ಇದ್ದಿದ್ದರೆ ಅದೇ. ಹೇಳಲಿಲ್ಲ. ಅವಳು ಈ ಭಾನುವಾರ ಹೋದರೆ ಸಾಕು ಎನ್ನುವಷ್ಟು ಆಸೆ ನನಗೆ.

ಅವಳು ಚಾರ್ಟನ್ನು ನೋಡಿ ಬೆರಳಲ್ಲಿ ಎಣಿಸಿ, "ಐದು ಭಾನುವಾರ ಹೋಗೋಯ್ತಲ್ಲ ಮಿಸ್. ಮೊದ್ಲೇ ಯಾಕ್ ಹೇಳ್ಲಿಲ್ಲ?" ಎಂದಳು.

ಅದು ಗರಿಗಳ ಭಾನುವಾರ. ಬೆಳಿಗ್ಗೆ ಕ್ರೈಸ್ತರೆಲ್ಲ ತೆಂಗಿನ ಗರಿ ಹಿಡಿದು ಚರ್ಚಿಗೆ ಮೆರವಣಿಗೆ ಹೋಗುವ ದಿನ. ನಾನು ತಿಪಟೂರಿನ ಮನೆಯಲ್ಲಿ ಫೋನು ಪಕ್ಕದಲ್ಲೇ ಇಟ್ಟುಕೊಂಡು ಕೂತಿದ್ದೆ. ಸಂಜೆ ತಾಯಿ ಫೋನು ಮಾಡಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಹುಡುಗಿ ಬೆಳಕು ಹರಿಯುವುದಕ್ಕೆ ಮುಂಚೆಯೇ ಬಂದು ಮಂಚ ಹತ್ತಿದಳಂತೆ. ಐದು ವಾರದ ವರದಿಯನ್ನೆಲ್ಲ ಒಪ್ಪಿಸಿದಳಂತೆ. ಊಟವೂ ಅಲ್ಲೇ. ಅವನ ಕೈ ಕಾಲಿನ ಉಗುರು ಕತ್ತರಿಸಿದಳಂತೆ. "ಅಪ್ಪ, ನೀನ್ಯಾಕೆ ಮದ್ವೆ ಹೆಣ್ಣಿನಂಗೆ ಘಮ್ ಅಂತೀಯ ಅಂದ್ಳು ಕಣ್ ಮಿಸ್. ಅವ್ರು ನಕ್ಕಿದ್ದು ಬಿದ್ದಮ್ಯಾಲೆ ಅದೇ ಮೊದ್ಲು." ನಾನೂ ಅತ್ತೆ. ಅಂದು ರಾತ್ರಿ ಹೊಟ್ಟೆ ತುಂಬ ಉಂಡು ಮಲಗಿದೆ.

ಸೋಮವಾರ ಬೆಳಿಗ್ಗೆ ಅವಳು ಮತ್ತೆ ಹಿಂದಿನ ಬಾಗಿಲಿಂದ ಹೊರಟಿದ್ದಳು. ಮಂಗಳವಾರ ತಾಯಿ ಶಾಲೆಯ ಗೇಟಿಗೆ ಬಂದಳು. "ಭಾನ್ವಾರ ಬಂದಿದ್ಳಲ್ಲ, ಈಗ ನಾನೇನ್ ಮಾಡ್ದೆ ಅಂತ ಕೇಳ್ತಾರೆ ಮಿಸ್. ಬ್ಲೇಡು ತಕೊಂಡು ಗಡ್ಡ ಕೆರ್ಕೊಂಡವ್ರೆ, ಗಡ್ಡ ಚುಚ್ಚಿತೇನೋ ಅಂತ." ಮೊದಲು ಅವನಿಗೆ ಬಾಗಿಲು ಮುಚ್ಚಿತ್ತು, ಅಷ್ಟೇ. ನಾವು ತೆರೆದು ಮತ್ತೆ ಮುಚ್ಚಿದ್ದೆವು. ಇನ್ನು ನಾಲ್ಕೇ ದಿನ ಕಣಮ್ಮ ಎಂದೆ.

ಶನಿವಾರ ಸಂಜೆ, ಮೊದಲ ಸಲ, ನಾನೂ ಚರ್ಚಿಗೆ ಹೋದೆ. ಅಂಗಳದಲ್ಲಿ ತೆಂಗಿನ ಚಿಪ್ಪು ಕೂಡಿಟ್ಟು ಬೆಂಕಿ ಹೊತ್ತಿಸಿದರು. ಸಿಸ್ಟರ್ ಎಲ್ಲ ತರಗತಿಯ ಡಬ್ಬಿಗಳನ್ನು ಒಂದೊಂದಾಗಿ ಬೆಂಕಿಗಿಟ್ಟರು. ನಮ್ಮ ತರಗತಿಯದು ಬಂದಾಗ ನನ್ನ ಕೈಗೆ ಕೊಟ್ಟರು. ನಾನು ಹಾಕಿದೆ. ಅವಳ ಚೀಟಿಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ ಅದರಲ್ಲೇ ಇಟ್ಟಿದ್ದೆ. ನನಗೆ ಪ್ರಾರ್ಥನೆ ಗೊತ್ತಿರಲಿಲ್ಲ. ಶಿವನಿಗೋ ಏಸುವಿಗೋ, ಯಾರಿಗಾದರೂ ಆಗಲಿ, ಆಗದ ಕೆಲಸವೊಂದನ್ನು ಮಾಡಿಕೊಡು ಎಂದು ಕೇಳಿಕೊಂಡೆ. ಗಣಿತ ಹೇಳುವವಳು ನಾನು, ಬೆಂಕಿಯ ಮುಂದೆ ನಿಂತು ಅಷ್ಟು ಮೂರ್ಖಳಾದೆ.

ಈಸ್ಟರ್ ಕಳೆದ ಶುಕ್ರವಾರ ಫಲಿತಾಂಶ ಕೊಡುವ ದಿನ. ಮಕ್ಕಳು ಬಣ್ಣದ ಬಟ್ಟೆಯಲ್ಲಿ ಬಂದು, ಅಂಕಪಟ್ಟಿ ಇಸಿದುಕೊಂಡು, ರಜೆಯ ಗುಂಗಿನಲ್ಲಿ ಕೂಗಾಡುತ್ತಾ ಹೋದರು. ಅವಳು ಎಲ್ಲರೂ ಹೋಗುವವರೆಗೆ ಕಿಟಕಿಯ ಹತ್ತಿರ ನಿಂತಿದ್ದಳು. ಆಮೇಲೆ ಬಂದು ಅಂಕಪಟ್ಟಿ ತೆಗೆದುಕೊಂಡಳು. ಗಣಿತಕ್ಕೆ ನೂರಕ್ಕೆ ನೂರು. ಅದನ್ನು ನೋಡಲೂ ಇಲ್ಲ.

"ಅಪ್ಪನ ಹತ್ರ ಹೋಗ್ತಿದೀಯಾ ಈಗ?" ಎಂದೆ.

"ಹೂಂ ಮಿಸ್. ದಿನಾ."

"ಅಪ್ಪಂಗೆ ಖುಷಿನಾ?"

"ಖುಷಿ." ಸ್ವಲ್ಪ ಹೊತ್ತು ಅಂಕಪಟ್ಟಿಯ ಅಂಚು ಮಡಚಿದಳು, ಬಿಡಿಸಿ ಮತ್ತೆ ಮಡಚಿದಳು. "ಆದ್ರೆ ನಡೀಲಿಲ್ಲ ಮಿಸ್."

ನಾನು ಅವಳನ್ನು ಹತ್ತಿರ ಎಳೆದುಕೊಂಡೆ. ಇಷ್ಟು ದಿನ ಹೇಳದೆ ಉಳಿಸಿಕೊಂಡಿದ್ದನ್ನು ಆಗ ಹೇಳಿದೆ. ಅಪ್ಪನ ಬೆನ್ನಿನ ನರ ತುಂಡಾಗಿದೆ, ಬಿದ್ದ ದಿನವೇ ತುಂಡಾಗಿದೆ, ನೀನು ಏನು ಬಿಟ್ಟರೂ ಬಿಡದಿದ್ದರೂ ಅದು ಕೂಡುವುದಿಲ್ಲ, ಡಾಕ್ಟರು ಆಗಲೇ ಹೇಳಿದ್ದಾರೆ, ನಾನು ಹೇಳಿದ ಹರಕೆಯ ಮಾತು ತಪ್ಪು, ಪೂರಾ ತಪ್ಪು ಎಂದೆ. ಎರಡು ಸಲ ಹೇಳಿದೆ. ಅವಳು ಸಿಸ್ಟರ ಮುಂದೆ ಆಡಿಸಿದ ಹಾಗೇ ತಲೆ ಆಡಿಸಿದಳು. ಕಣ್ಣು ಗೋಡೆಯ ಚಾರ್ಟಿನ ಮೇಲಿತ್ತು. ಕೊನೆಯ ಸಾಲಿನಲ್ಲಿ ಗರಿಗಳ ಭಾನುವಾರದ ಚೌಕವೊಂದು ಬಣ್ಣವಿಲ್ಲದೆ ಬೆಳ್ಳಗಿತ್ತು. ಅದಕ್ಕೆ ಬಣ್ಣ ಹಾಕಬೇಡಿ ಎಂದು ತರಗತಿಗೆಲ್ಲ ಹೇಳಿದವಳು ನಾನೇ.

"ಅವತ್ತು ಹೋಗಿದ್ದಕ್ಕಾ ಮಿಸ್?" ಎಂದಳು.

"ಅಲ್ಲ ಮಗ, ಅಲ್ವೇ ಅಲ್ಲ."

ಹೊರಗೆ ಅವಳಜ್ಜಿ ಕೂಗುತ್ತಿದ್ದಳು. ಹುಡುಗಿ ಅಂಕಪಟ್ಟಿಯನ್ನು ಎದೆಗೆ ಒತ್ತಿಕೊಂಡು ಬಾಗಿಲವರೆಗೆ ಹೋದವಳು ತಿರುಗಿ ನಿಂತು, ನನಗೇ ಸಮಾಧಾನ ಹೇಳುವವಳ ಹಾಗೆ ಹೇಳಿದಳು.

"ಬೇಜಾರ್ ಮಾಡ್ಕಬ್ಯಾಡಿ ಮಿಸ್. ಬರೋ ವರ್ಸ ನಲವತ್ತಾರೂ ಮಾಡ್ತೀನಿ."